ಬಿಚ್ಚದ ಹೊಲಿಗೆ

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟವರ ಹಾಗೆ ದೂರ ನಿಂತಿತ್ತು. ಬಲೆಯ ಅಂಚನ್ನು ಆ ಬೆರಳಿಗೆ ಸಿಕ್ಕಿಸಿ, ಕಾಲು ಚಾಚಿ ಬಿಗಿಯಾಗಿ ಎಳೆದು ಹಿಡಿದು, ಎರಡೂ ಕೈಗಳಿಂದ ಒಂದೊಂದೇ ಕಣ್ಣು ಹೆಣೆಯುತ್ತ ಐವತ್ತಕ್ಕೂ ಹೆಚ್ಚು ವರ್ಷ ಕೂತವರ ಬೆರಳು ಅದು. ಬುಡದಲ್ಲಿ ನೈಲಾನ್ ದಾರ ಕೊರೆದ ಗೆರೆಯೊಂದು ಸುತ್ತಲೂ ಇತ್ತು. ಯಾವ ಚಪ್ಪಲಿಯೂ ಆ ಕಾಲಿಗೆ ಒಗ್ಗದ ಕಾರಣ ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು. ಭಟ್ಕಳ ಬಂದರದಲ್ಲಿ ಎಲ್ಲರೂ ಅವರನ್ನು ಬಲೆ ಅಜ್ಜ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮುಖ ನೋಡುವ ಮೊದಲು ಕಾಲು ನೋಡುವುದು ನನ್ನ ಕೆಲಸದ ಚಾಳಿ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ನಮ್ಮ ಕಡೆಯ ಮಾತಿನಲ್ಲಿ ಪಿ.ಟಿ. ಅಕ್ಕೋರು. ಕುತ್ತಿಗೆಯಲ್ಲಿ ಸೀಟಿ, ಬಾಯಲ್ಲಿ ಬೈಗುಳ, ಇಪ್ಪತ್ತು ವರ್ಷದ ನೌಕರಿ. ಉದ್ದ ಜಿಗಿತದ ಮರಳುಗುಂಡಿಯ ಮುಂದೆ ಕಾಲು ನಡುಗಿಸಿಕೊಂಡು ನಿಂತ ಮಕ್ಕಳಿಗೆ, "ಎಂತ ಹೆದರ್ತೀಯೇ, ಹಾರು!" ಎಂದು ಕೂಗಿದ್ದು ಎಷ್ಟು ಸಾವಿರ ಸಲವೋ. ಆ ಕೂಗೇ ನನ್ನ ಧೈರ್ಯ ಎಂದು ನಾನೂ ನಂಬಿದ್ದೆ, ಊರೂ ನಂಬಿತ್ತು.

ನಲವತ್ತು ದಾಟಿದ ಮೇಲೆ ನನಗೆ ಓಟದ ಹುಚ್ಚು ಹಿಡಿಯಿತು. ಮೊದಲು ಹತ್ತು ಕಿಲೋಮೀಟರ್, ಆಮೇಲೆ ಮ್ಯಾರಥಾನ್, ಆಮೇಲೆ ಅದೂ ಸಾಲದೆ ಬೋರ್ನಿಯೋದ ಮಳೆಕಾಡಿನಲ್ಲಿ ಐದು ದಿನ ಓಡುವ ಸ್ಪರ್ಧೆಗೆ ಹೆಸರು ಕೊಟ್ಟೆ. ಅಲ್ಲಿ ಊಟ, ಔಷಧಿ, ಬಟ್ಟೆ, ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ, ಸೊಳ್ಳೆಪರದೆ ಎಲ್ಲವನ್ನೂ ಓಡುವವರೇ ಬೆನ್ನ ಮೇಲೆ ಹೊರಬೇಕು. ನಡೆಸುವವರು ಕೊಡುವುದು ಕುಡಿಯುವ ನೀರು ಮಾತ್ರ. ನನ್ನ ಗಂಡ ಅರ್ಜಿಯನ್ನು ಓದಿ, "ನಮ್ಮ ಘಟ್ಟದಲ್ಲಿ ಕಾಡು ಮುಗಿದೋಯ್ತಾ?" ಎಂದು ಕೇಳಿದರು. ಆ ಅರ್ಜಿಯಲ್ಲಿ ಈಜು ಬರುತ್ತದೆಯೇ ಎಂಬ ಪ್ರಶ್ನೆಯಿತ್ತು. ನನಗೆ ಈಜು ಬರುವುದಿಲ್ಲ. ಕುಮಟಾದಲ್ಲಿ, ಸಮುದ್ರದ ಗಾಳಿ ಮನೆಯೊಳಗೆ ಬರುವಲ್ಲಿ ಹುಟ್ಟಿ ಬೆಳೆದೂ ಮೊಣಕಾಲಿಗಿಂತ ಮೇಲೆ ನೀರು ಬಂದರೆ ನನಗೆ ಉಸಿರು ಕಟ್ಟುತ್ತದೆ. ಬರುತ್ತದೆ ಎಂದು ಗುರುತು ಹಾಕಿದೆ. ಇನ್ನೂ ಒಂದು ವರ್ಷವಿದೆಯಲ್ಲ, ಕಲಿತರಾಯಿತು ಎಂದುಕೊಂಡೆ.

ಚೀಲವನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಚೆಂದ ಇತ್ತು. ಒಂಬತ್ತು ಕಿಲೋ ಅಕ್ಕಿ ತುಂಬಿಕೊಂಡು ಮಳೆಯಲ್ಲಿ ಘಟ್ಟ ಹತ್ತಿದ ಮೂರನೆಯ ಭಾನುವಾರ ಅದರ ಎಡಭುಜದ ಪಟ್ಟಿ ಬುಡಸಮೇತ ಕಿತ್ತು ಬಂತು. ಕುಮಟಾದ ಚಪ್ಪಲಿ ಹೊಲಿಯುವವರು ಇದು ನಮ್ಮ ಕೆಲಸ ಅಲ್ಲ ಎಂದರು. ಹೊನ್ನಾವರದ ಟೈಲರ್ ಮಶೀನಿನಲ್ಲಿ ಹೊಡೆದುಕೊಟ್ಟದ್ದು ಮುಂದಿನ ಭಾನುವಾರಕ್ಕೇ ಕೈಕೊಟ್ಟಿತು. ಆಗ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಸ್ವಂತ ಬೋಟು ಇರುವವರು, "ಅಕ್ಕೋರೆ, ಭಟ್ಕಳ ಬಂದರಕ್ಕೆ ಹೋಗಿ. ಬಲೆ ಅಜ್ಜ ಹೊಲಿದ್ರೆ ಆತು, ಮತ್ತೆ ಎಲ್ಲೂ ಹೋಗೂದು ಬ್ಯಾಡ" ಎಂದರು.

ಹೋದೆ. ಅಜ್ಜ ಬಂದರದ ಶೆಡ್ಡಿನ ಕಂಬಕ್ಕೆ ಒರಗಿ ಕೂತಿದ್ದರು. ಎದುರಿಗೆ ಹಸಿರು ಬಲೆಯ ರಾಶಿ. ಪಕ್ಕದಲ್ಲಿ ಅವರ ಮಗಳು ದಾರ ಸುತ್ತುತ್ತಿದ್ದಳು. ನನ್ನದೇ ವಯಸ್ಸಿನವಳು, ಬೆಳಿಗ್ಗೆ ಮೀನು ಮಾರಿ ಬಂದು ಅಪ್ಪನ ಜೊತೆ ಕೂರುತ್ತಿದ್ದಳು. ಅಜ್ಜ ಚೀಲವನ್ನು ತಿರುಗಿಸಿ, ಒಳಗು ಹೊರಗು ಮಾಡಿ, ಕೊನೆಗೆ ಮೂಗಿಗೆ ಹಿಡಿದು ಮೂಸಿದರು.

"ಇದು ನೀರು ಕಂಡದ್ದೇ ಇಲ್ಲ" ಎಂದರು. "ಎಂತ ತುಂಬ್ತ್ರಿ ಇದ್ರಲ್ಲಿ?"

ವಿವರಿಸಿದೆ. ಅವರು ಸೂಜಿ ನಿಲ್ಲಿಸಿ ಕೇಳಿದರು. "ಐದು ದಿನ ಕಾಡಲ್ಲಿ ಓಡೂದಾ? ಎಂತಕ್ಕೆ? ಯಾರಾದ್ರೂ ಅಟ್ಟಿಸ್ಕಂಡು ಬತ್ತ್ರಾ?"

"ಇಲ್ಲ ಅಜ್ಜಾ, ನಾವಾಗೇ ಓಡೂದು."

"ಅಂದ್ರೆ ನಿಲ್ಲು ಅನ್ನೂಕೂ ಯಾರೂ ಇಲ್ಲ" ಎಂದು ಮಗಳ ಕಡೆ ತಿರುಗಿದರು. ಅವಳು ನಕ್ಕಳು. ನನಗೆ ಸ್ವಲ್ಪ ಸಿಟ್ಟೇ ಬಂತು.

ಅವತ್ತೇ ಕೊಡಿ ಎಂದರೆ ಕೊಡಲಿಲ್ಲ. ಅವರ ಕೆಲಸದ ಕ್ರಮವೇ ಬೇರೆ. ಹೊಲಿದ ಮೇಲೆ ಚೀಲಕ್ಕೆ ಹಸಿ ಮರಳು ತುಂಬಿ, ಬೋಟು ಕಟ್ಟುವ ಧಕ್ಕೆಯ ಕಂಬಕ್ಕೆ ಅದೇ ಪಟ್ಟಿಯಿಂದ ನೇತು ಹಾಕುತ್ತಿದ್ದರು. ಕಡಲು ಉಕ್ಕುವ ಭರತ ಬಂದಾಗ ಅದು ಉಪ್ಪುನೀರಲ್ಲಿ ಮುಳುಗಿ ಅಲೆಗೆ ಜಗ್ಗಾಡಬೇಕು, ಇಳಿತದಲ್ಲಿ ಭಾರಕ್ಕೆ ಜೋತಾಡಬೇಕು. ಹೀಗೆ ಮೂರು ಭರತ. "ಮೂರು ಭರತ ನೋಡ್ದೆ ನಾ ಯಾರಿಗೂ ಕೊಟ್ಟವನಲ್ಲ" ಎಂದರು. ನಾನು ವಾರ ಬಿಟ್ಟು ಮತ್ತೆ ಹೋಗಬೇಕಾಯಿತು. ಹಾಗೆ ಶುರುವಾದದ್ದು ಹತ್ತು ತಿಂಗಳು ನಡೆಯಿತು. ಭಾನುವಾರ ಬೆಳಗಿನ ಬಸ್ಸಿಗೆ ಭಟ್ಕಳ, ಅಜ್ಜನ ಹತ್ತಿರ ಒಂದು ತಾಸು, ಅಲ್ಲಿಂದ ಚೀಲ ಬೆನ್ನಿಗೇರಿಸಿ ಮಾವಳ್ಳಿಯವರೆಗೆ ಓಟ, ಊರೊಳಗಿನ ದಾರಿಯೂ ಸೈ, ಕಡಲ ದಂಡೆಯೂ ಸೈ.

ಪಟ್ಟಿ ಒಂದನ್ನು ಸರಿಮಾಡಿಸಲು ಹೋದವಳ ಇಡೀ ಗಂಟನ್ನೇ ಅವರು ಬಿಚ್ಚಿಸಿದರು. ಒಂದೊಂದೇ ಸಾಮಾನನ್ನು ಅಂಗೈಯಲ್ಲಿಟ್ಟು ತೂಗಿ, "ಇದಿಲ್ದಿದ್ರೆ ಸಾಯ್ತ್ರಾ?" ಎಂದು ಕೇಳುವುದು. ನಾನು ಇಲ್ಲ ಎಂದರೆ ಅದು ಆಚೆಗೆ. ಎರಡನೆಯ ಚಮಚ ಹೋಯಿತು, ಕನ್ನಡಿ ಹೋಯಿತು, ಮೂರನೆಯ ಅಂಗಿ ಹೋಯಿತು. ಬಾಚಣಿಗೆಯ ವಿಷಯದಲ್ಲಿ ನಾನು ಜಗಳ ಆಡಿದೆ. "ಕಾಡಲ್ಲಿ ಯಾರಿಗೆ ತಲೆ ಬಾಚ್ತ್ರಿ, ಮಂಗಂಗಾ?" ಎಂದರು. ಅದೂ ಹೋಯಿತು. ಒಂಬತ್ತು ಕಿಲೋ ಇದ್ದದ್ದು ಏಳಕ್ಕೆ ಇಳಿಯಿತು.

ನನ್ನ ಹೊಸ ಶೂಗಳನ್ನು ಅವರು ನೋಡಿದ ದಿನವಂತೂ ನಾನು ಮರೆಯುವ ಹಾಗಿಲ್ಲ. ಮಗಳಿಗೆ ದಬ್ಬಣ ಕಾಯಿಸಿ ತಾ ಎಂದರು. ಏನು ಎತ್ತ ಎಂದು ನಾನು ಕೇಳುವುದರೊಳಗೆ ಶೂವಿನ ಎರಡೂ ಪಕ್ಕಗಳಲ್ಲಿ ಚುರ್ ಚುರ್ ಎಂದು ನಾಲ್ಕು ತೂತು ಬಿದ್ದಿದ್ದವು. "ನೀರು ಒಳಗೆ ಬರೂಕೆ ದಾರಿ ಅದೆ, ಹೋಗೂಕೆ ಇಲ್ಲ. ನಮ್ಮ ದೋಣಿಗಾದ್ರೂ ನೀರು ಎತ್ತಿ ಹಾಕೂಕೆ ಜನ ಇರ್ತ್ರು, ನಿಮ್ಮ ಶೂವಿಗೆ ಯಾರು ಅದಾರೆ?" ಎಂದರು. ಅವರು ಹೇಳಿದ್ದು ಎಷ್ಟು ಸರಿ ಎಂಬುದು ಅಘನಾಶಿನಿಯ ಅಳಿವೆಯಲ್ಲಿ ಗೊತ್ತಾಯಿತು. ಇಳಿತದ ಹೊತ್ತಿಗೆ ಅಲ್ಲಿಯ ಕೆಸರಿನಲ್ಲಿ ಎರಡು ತಾಸು ಓಡಿದೆ. ಬಳಚಿನ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ, "ಎಂತ ಕಳ್ಕಂಡ್ರಿ ಅಕ್ಕೋರೆ? ನಾವೂ ಹುಡುಕೂದಾ?" ಎಂದು ಕೇಳಿದರು. ಕೆಸರುನೀರು ನಾಲ್ಕು ತೂತಿನಿಂದ ಪಿಚಕ್ಕನೆ ಹಾರುತ್ತಿತ್ತು. ಕಾಲಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ಅವರು ನನ್ನನ್ನು ಬಹಳ ದಿನ ಅಕ್ಕೋರೆ ಎಂದೇ ಕರೆಯುತ್ತಿದ್ದರು. ಅದು ಬದಲಾದದ್ದು ಒಂದೇ ದಿನದಲ್ಲಿ. ಆ ಶನಿವಾರ ಮತ್ತು ಭಾನುವಾರ ಎರಡು ದಿನ ಸತತವಾಗಿ ಘಟ್ಟ ಹತ್ತಿ ಇಳಿದು, ಒದ್ದೆ ಸಾಕ್ಸಿನಲ್ಲೇ ಬಂದರಕ್ಕೆ ಹೋಗಿದ್ದೆ. ಪಟ್ಟಿ ಎಳೆಯಷ್ಟೂ ಸಡಿಲವಾಗಿರಲಿಲ್ಲ. ಅದನ್ನು ತೋರಿಸುವ ಸಂಭ್ರಮ ನನ್ನದು. ಅವರು ಚೀಲ ನೋಡಲೇ ಇಲ್ಲ. "ತಂಗೀ, ಕಾಲು ಇಲ್ಲಿಡು" ಎಂದು ತಮ್ಮ ತೊಡೆ ತಟ್ಟಿದರು. ನಾನು ಸಂಕೋಚದಿಂದ ಹಿಂದೆ ಸರಿದೆ. ಹಿರಿಯರ ತೊಡೆಯ ಮೇಲೆ ಕಾಲಿಡುವುದು ಹೇಗೆ? ಅವರೇ ನನ್ನ ಪಾದವನ್ನು ಎತ್ತಿಟ್ಟುಕೊಂಡು, ಹರಿದ ಬಲೆಯಲ್ಲಿ ತೂತು ಹುಡುಕುವಾಗಿನ ಅದೇ ಗಮನದಿಂದ ಬೆರಳುಗಳ ಸಂದಿ ಒಂದೊಂದನ್ನೂ ಬಿಡಿಸಿ ನೋಡಿದರು. ಬಿಳಿಚಿ ಸುಕ್ಕಾದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರು. "ಹಗಲು ಎಷ್ಟು ಬೇಕಾದ್ರೂ ನೆನೀಲಿ. ಮಲಗೂ ಮೊದ್ಲು ಒಣಗ್ಬೇಕು. ಇಲ್ದಿದ್ರೆ ಮೂರನೇ ದಿನ ಚರ್ಮ ಸಾಕ್ಸಿನ ಜೊತೆ ಬತ್ತದೆ" ಎಂದರು. ಕಡಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಕಂಡ ಕಾಲುಗಳ ಪಾಠ ಅದು. ನನ್ನ ಅಪ್ಪ ತೀರಿಹೋಗಿ ಆಗ ಹನ್ನೆರಡು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ನನ್ನ ಕಾಲು ನೋಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಅವತ್ತಿನಿಂದ ನಾನು ಅವರಿಗೆ ತಂಗಿಯಾದೆ.

ಹೊರಡಲು ಆರು ವಾರ ಉಳಿದಾಗ ಅವರು ಕೊನೆಯ ಪರೀಕ್ಷೆಯನ್ನು ಹೇಳಿದರು. "ಚೀಲ ಬೆನ್ನಿಗೆ ಹಾಕ್ಕಂಡು ನೀರಿಗೆ ಇಳೀಬೇಕು ತಂಗಿ. ಎದೆಮಟ. ಒಳಗೆ ಗಾಳಿ ಇರ್ತದಲ, ನೀರು ಚೀಲ ಎತ್ತುತದೆ. ಚೀಲ ನಿನ್ನ ತಲೆ ಹಿಡ್ದು ಮುಂದಕ್ಕೆ ಒತ್ತುತದೆ. ಆಗ ಗಾಬರಿ ಬೀಳೂಕಾಗ. ನನ್ನ ಮಗಳು ಜೊತೆಗೆ ಬತ್ತಾಳೆ, ಅವ್ಳಿಗೆ ಈಜು ಬತ್ತದೆ."

ಮಗಳು ಮುಂದಿನ ಭಾನುವಾರವೇ ಆಗಲಿ ಎಂದಳು. ನಾನು ಅಘನಾಶಿನಿಯಲ್ಲಿ ಮಾಡಿಕೊಳ್ಳುತ್ತೇನೆ, ಮನೆಗೆ ಹತ್ತಿರ ಎಂದೆ. ಅಘನಾಶಿನಿಗೆ ಹೋದದ್ದೂ ನಿಜ. ದೋಣಿಗಾಗಿ ಕಾಯುವ ಮೆಟ್ಟಿಲ ಮೇಲೆ ನಿಂತು, ಚೀಲಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ಟೆ. ಚೀಲ ಬೆಂಡಿನಂತೆ ತೇಲಿತು. ಅರ್ಧ ತಾಸು ಬಿಟ್ಟು ಎಳೆದು ನೋಡಿದರೆ ಒಳಗೆ ಒಂದು ಹನಿ ನೀರಿಲ್ಲ. ಚೀಲವನ್ನು ನೀರಿಗಿಳಿಸಿ ನಾನು ದಡದಲ್ಲಿ ನಿಂತಿದ್ದೆ. ಮುಂದಿನ ವಾರ ಅಜ್ಜ ಕೇಳಿದಾಗ, "ಆತು ಅಜ್ಜಾ, ಎದೆಮಟ ಇಳಿದೆ" ಎಂದೆ. ಅವರು ಮುಖವೆಲ್ಲ ಬಾಯಾಗಿ ನಕ್ಕರು. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಶಾಲೆಯಲ್ಲಿ ಬೀಳ್ಕೊಡುಗೆ ಜೋರಾಗಿಯೇ ಆಯಿತು. ಶಾಲು ಹೊದೆಸಿದರು, ಮಕ್ಕಳು ಬ್ಯಾಂಡ್ ಬಾರಿಸಿದರು, ಬಸ್‌ಸ್ಟ್ಯಾಂಡಿನ ಎದುರು ನನ್ನ ಫೋಟೋ ಇದ್ದ ಬ್ಯಾನರ್ ಕಟ್ಟಿದರು. ಬ್ಯಾನರಿನಲ್ಲಿ 'ಕರಾವಳಿಯ ಧೀರೆ' ಎಂದಿತ್ತು. ನನಗೆ ನಾಚಿಕೆಯೇನೂ ಆಗಲಿಲ್ಲ.

ಕಾಡಿನ ಮೊದಲ ಎರಡು ದಿನ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಓಡಿದೆ. ಮಳೆ, ಬೇರು, ಜಿಗಣೆ ಯಾವುದೂ ನಮ್ಮ ಘಟ್ಟ ಕಂಡವಳಿಗೆ ಹೊಸದಲ್ಲ. ಬೇರೆಯವರ ಚೀಲಗಳು ಅಲ್ಲಲ್ಲಿ ಕಿತ್ತವು, ಶೂಗಳು ನೀರು ತುಂಬಿ ಭಾರವಾದವು. ಜರ್ಮನಿಯವಳೊಬ್ಬಳು ನನ್ನ ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿ ಇದು ಯಾವ ಕಂಪನಿಯದು ಎಂದು ಕೇಳಿದಳು. ನಮ್ಮ ಕಡೆಯ ಅಜ್ಜ ಒಬ್ಬರದು ಎಂದು ಹೇಳುವಾಗ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಮೂರನೆಯ ದಿನ ಮಧ್ಯಾಹ್ನ ಹೊಳೆ ಬಂತು. ಅಗಲವೇನೂ ಹೆಚ್ಚಿರಲಿಲ್ಲ, ನಮ್ಮ ಶರಾವತಿಯ ಕಾಲು ಭಾಗವೂ ಇಲ್ಲ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿದ್ದರು. ಹಗ್ಗ ಹಿಡಿದು ನಡೆದರೆ ಆಯಿತು, ಎದೆಮಟ ನೀರು. ನನಗಿಂತ ಮುಂದೆ ಒಬ್ಬ ಮುದುಕ ದಾಟಿ ಹೋದ. ನಾನು ಇಳಿದೆ. ಸೊಂಟಕ್ಕೆ ಬಂದಾಗ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದೆ. ಇನ್ನೆರಡು ಹೆಜ್ಜೆಗೆ ಚೀಲ ಮೇಲಕ್ಕೆ ಎದ್ದಿತು, ನನ್ನ ತಲೆಯನ್ನು ಹಿಂದಿನಿಂದ ಮುಂದಕ್ಕೆ ಒತ್ತಿತು. ಅಜ್ಜ ಹೇಳಿದ್ದ ಹಾಗೇ. ಕಂದು ನೀರು ಮೂಗಿನ ಹತ್ತಿರ ಬಂದದ್ದಷ್ಟೇ ಗೊತ್ತು. ಕಿರುಚಿದೆನಂತೆ. ಅಲ್ಲಿದ್ದ ಸ್ವಯಂಸೇವಕ ಹುಡುಗ ನನ್ನನ್ನು ದಡಕ್ಕೆ ಎಳೆದು ತಂದ. ಮತ್ತೊಮ್ಮೆ ಪ್ರಯತ್ನಿಸಿ, ನಾನೂ ಜೊತೆಗೆ ಬರುತ್ತೇನೆ ಎಂದು ಅವನು ಎಷ್ಟು ಹೇಳಿದರೂ ನನ್ನ ಕಾಲು ಏಳಲಿಲ್ಲ. ಎರಡು ತಾಸು ಕಲ್ಲಿನ ಮೇಲೆ ಕೂತೆ. ಹಿಂದಿದ್ದವರೆಲ್ಲ ಬಂದು ದಾಟಿ ಹೋದರು. ಸಮಯ ಮುಗಿಯಿತು ಎಂದರು, ನನ್ನ ನಂಬರು ತೆಗೆದುಕೊಂಡರು. ಚೀಲ ಬಿಚ್ಚಿ ನೋಡಿದೆ. ಜೋಲಿ, ಬಟ್ಟೆ, ಅವಲಕ್ಕಿ ಎಲ್ಲ ಬೆಚ್ಚಗೆ ಒಣಗಿಯೇ ಇದ್ದವು.

ಊರಿಗೆ ಬಂದ ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ನನ್ನನ್ನು ವೇದಿಕೆಗೆ ಕರೆದರು. ಪ್ರಯತ್ನಪಟ್ಟದ್ದೇ ದೊಡ್ಡದು, ಅಲ್ಲಿ ಏನಾಯಿತೆಂದು ಮಕ್ಕಳಿಗೆ ನೀವೇ ಹೇಳಿ ಎಂದರು. ಎದುರಿಗೆ ಇಡೀ ಶಾಲೆ. ಮುಂದಿನ ಸಾಲಿನಲ್ಲಿ ನಾನು ಹೊರಡುವ ಹಿಂದಿನ ವಾರವಷ್ಟೇ ನನ್ನಿಂದ ಬೈಸಿಕೊಂಡು, ಅಳುತ್ತಲೇ ಮರಳುಗುಂಡಿಗೆ ಹಾರಿದ್ದ ಎಂಟನೆಯ ತರಗತಿಯ ಹುಡುಗಿ. ಅಲ್ಲಿ, ನೀರಿಗೆ ಹೆದರಿ ಕೂತೆ ಎಂದು ಹೇಳುವ ಬಾಯಿ ನನಗಿರಲಿಲ್ಲ. "ಚೀಲದ ಹೊಲಿಗೆ ಬಿಚ್ಚಿತು ಮಕ್ಕಳೇ, ಸಾಮಾನೆಲ್ಲ ನೀರುಪಾಲಾಯಿತು" ಎಂದೆ. ಮಕ್ಕಳು ಅಯ್ಯೋ ಎಂದರು. ಮೂರನೆಯ ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ನನ್ನ ಫೋಟೋದೊಂದಿಗೆ ಅದೇ ಬಂತು. ಹೊಲಿಗೆ ಬಿಚ್ಚಿ ಕೈತಪ್ಪಿದ ಗುರಿ.

ಹೊಲಿದವರ ಹೆಸರು ನಾನು ಹೇಳಿರಲಿಲ್ಲ, ಪತ್ರಿಕೆಯವರೂ ಬರೆದಿರಲಿಲ್ಲ. ಆದರೆ ಬಂದರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಧಕ್ಕೆಯ ಕಂಬದಲ್ಲಿ ಆ ಚೀಲ ಜೋತಾಡಿದ್ದನ್ನು, ಹತ್ತು ತಿಂಗಳು ನಾನು ಅದನ್ನು ಹೊತ್ತು ಓಡಿದ್ದನ್ನು ಎಲ್ಲ ಬೋಟಿನವರೂ ನೋಡಿದ್ದರು. ಭಾನುವಾರಗಳು ಒಂದರ ಹಿಂದೊಂದು ಹೋದವು, ನಾನು ಭಟ್ಕಳದ ಬಸ್ಸು ಹತ್ತಲಿಲ್ಲ. ಕಾಲು ನೋವು, ಪರೀಕ್ಷೆಯ ಕೆಲಸ, ಮನೆಗೆ ನೆಂಟರು. ನೆಪಕ್ಕೇನು ಬರ.

ಒಂದು ದಿನ ಅವರೇ ಬಂದರು. ಒಂಬತ್ತನೆಯ ತರಗತಿಗೆ ಕವಾಯತು ಮಾಡಿಸುತ್ತಿದ್ದೆ. ಗೇಟಿನ ಹೊರಗೆ ಬಿಳಿ ಅಂಗಿ ತೊಟ್ಟು, ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದರು. ಭಟ್ಕಳದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೇಗಿದ್ದೀಯ ಎಂದು ಕೇಳಿದರು, ನನ್ನ ಕಾಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಂಗೀ, ಅದು ಹರೀತಾ, ಬಿಚ್ತಾ?"

ಆಗ ನಾನು ಮಾಡಿದ ಲೆಕ್ಕ ಇಷ್ಟು. ಹರಿಯಿತು ಎಂದರೆ ದೊಡ್ಡ ಮಾತು, ಅವರಿಗೆ ನೋವಾದೀತು. ಬಿಚ್ಚಿಕೊಂಡಿತು ಎಂದರೆ ಹಗುರ. "ಹರೀಲಿಲ್ಲ ಅಜ್ಜಾ" ಎಂದೆ, ಸಮಾಧಾನ ಮಾಡುವ ದನಿಯಲ್ಲಿ. "ಸ್ವಲ್ಪ ಬಿಚ್ಕಂತು, ಅಷ್ಟೆ."

ಬಲೆಯವರ ಮಾತಿನಲ್ಲಿ ಅದು ತಿರುವುಮುರುವು ಎಂದು ನನಗೆ ಗೊತ್ತಿರಲಿಲ್ಲ. ಹರಿದರೆ ಅದು ಕಡಲಿನ ಲೆಕ್ಕ. ಕಲ್ಲಿಗೆ ಸಿಕ್ಕೀತು, ದೊಡ್ಡ ಮೀನು ಸೀಳೀತು, ಅದಕ್ಕೆ ಹೆಣೆದವನು ಏನು ಮಾಡಿಯಾನು? ಬಿಚ್ಚಿದರೆ ಮಾತ್ರ ಅದು ಕೈಯ ತಪ್ಪು. ಗಂಟು ಹಾಕಿದವನ ಕೈಯ ತಪ್ಪು, ಬೇರೆ ಯಾರದ್ದೂ ಅಲ್ಲ. ಅವರು ಅಷ್ಟು ದೂರ ಬಂದದ್ದು ಆ ಒಂದು ಮಾತು ಕೇಳಲಿಕ್ಕೆ. ಹರಿಯಿತು ಎಂದು ನಾನು ಸುಳ್ಳನ್ನಾದರೂ ಸರಿಯಾಗಿ ಹೇಳಿದ್ದರೆ ಅವರು ಮನೆಗೆ ಹೋಗಿ ನೆಮ್ಮದಿಯಿಂದ ಉಂಡು ಮಲಗುತ್ತಿದ್ದರು.

ಅವರು ಗೇಟಿನ ಸರಳು ಹಿಡಿದುಕೊಂಡರು. "ಚೀಲ ಕೊಡಿ ಅಕ್ಕೋರೆ. ಎಲ್ಲಿ ಬಿಚ್ತು ಅಂತ ನೋಡ್ತೆ" ಎಂದರು. ಮತ್ತೆ ಅಕ್ಕೋರೆ ಆಗಿದ್ದೆ.

ಚೀಲ ಆಗ ಕುಮಟಾದ ನನ್ನ ಮನೆಯಲ್ಲಿ, ಕಪಾಟಿನ ಮೇಲೆ, ಹಳೆಯ ಚಾದರದ ಹಿಂದೆ ಇತ್ತು. "ಅಲ್ಲೇ ಕಾಡಲ್ಲಿ ಬಿಟ್ಟು ಬಂದೆ ಅಜ್ಜಾ" ಎಂದೆ.

ಅವರು ಕೈ ಮುಗಿದರು. "ತಪ್ಪಾತು. ನನ್ನ ಕೈಯಿಂದ ನಿಮ್ಮ ವರ್ಷದ ಕಷ್ಟ ಹಾಳಾತು" ಎಂದರು. ಎಪ್ಪತ್ತು ದಾಟಿದ ಆ ಜೀವ ನನಗೆ ಕೈ ಮುಗಿದು ನಿಂತಿತ್ತು. ಆಗಲಾದರೂ ಹೇಳಬಹುದಿತ್ತು. ನನ್ನ ಹಿಂದೆ ಮೈದಾನದಲ್ಲಿ ಮಕ್ಕಳು ಸಾಲು ಮುರಿದು ಗಲಾಟೆ ಎಬ್ಬಿಸಿದ್ದರು. ನಾನು ತಿರುಗಿ ಸೀಟಿ ಊದಿದೆ. ಮತ್ತೆ ಈ ಕಡೆ ನೋಡುವಾಗ ಅವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ಆಮೇಲೆ ಹೇಳೋಣ, ಮುಂದಿನ ಭಾನುವಾರ ಹೋಗೋಣ ಎಂದುಕೊಳ್ಳುತ್ತ ಒಂದು ವರ್ಷದ ಮೇಲೆ ಕಳೆದೆ. ನಾಚಿಕೆ ಹಳತಾದಷ್ಟೂ ಗಟ್ಟಿಯಾಗುತ್ತದೆಂದು ನನಗೆ ಮೊದಲು ತಿಳಿದಿರಲಿಲ್ಲ. ಈ ವರ್ಷ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡಕ್ಕೆ ಬಂದು ಬಲೆ ರಿಪೇರಿಯ ಕೆಲಸ ಮೇಲೆ ಮೇಲೆ ಬೀಳುವ ದಿನಗಳಲ್ಲಿ, ಅಜ್ಜ ತೀರಿಕೊಂಡರು. ಮೊದಲ ಸಲ ನನ್ನನ್ನು ಅವರ ಬಳಿ ಕಳಿಸಿದ್ದ ಆ ಬೋಟಿನವರೇ ಫೋನ್ ಮಾಡಿ ತಿಳಿಸಿದರು. ನಿದ್ದೆಯಲ್ಲೇ ಹೋದರಂತೆ. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಹದಿನೈದು ದಿನ ಕಳೆದ ಮೇಲೆ ಚೀಲವನ್ನು ಕಪಾಟಿನಿಂದ ಇಳಿಸಿ, ಬೆನ್ನಿಗೆ ಹಾಕಿಕೊಂಡು ಭಟ್ಕಳಕ್ಕೆ ಹೋದೆ. ಮಗಳು ಅಜ್ಜನ ಮನೆಯ ಬಾಗಿಲಲ್ಲಿ ಮೀನು ಹೆಚ್ಚುತ್ತಿದ್ದಳು. ಕೂರಿ ಅಕ್ಕೋರೆ ಎಂದು ಮಣೆ ಕೊಟ್ಟಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅವಳು ಅದನ್ನು ನೋಡಿದಳು. ಅಪ್ಪನ ಕೊನೆಯ ದಿನಗಳನ್ನು ತಾನಾಗೇ ಹೇಳತೊಡಗಿದಳು.

"ನಿಮ್ಮ ಶಾಲೆಗೆ ಬಂದು ಹೋದ ಮೇಲೆ ಅಪ್ಪ ಬಲೆ ಮುಟ್ಲಿಲ್ಲ. ಕೈ ಹೋತು ಅಂದ. ಹಳೇ ಪಟ್ಟಿ ತುಂಡು ತಂದು ಅದೇ ಹೊಲಿಗೆ ಹಾಕೂದು, ಮರಳು ಕಟ್ಟಿ ಧಕ್ಕೆಯಲ್ಲಿ ತೂಗಿ ಬಿಡೂದು. ಮೂರು ಭರತ ಅಲ್ಲ, ತಿಂಗಳುಗಟ್ಲೆ. ಎಲ್ಲಿ ಬಿಚ್ತದೆ ನೋಡ್ಬೇಕು ಅಂತ. ಒಂದೂ ಬಿಚ್ಲಿಲ್ಲ."

ಅವಳು ಇನ್ನೊಂದು ಮೀನು ಕೈಗೆತ್ತಿಕೊಂಡಳು.

"ಒಂದಿನ ನಾನೇ ಹೇಳ್ದೆ. ಅಪ್ಪಾ, ಇಷ್ಟು ದಿನ ಆದ್ರೂ ಒಂದೂ ಬಿಚ್ಲಿಲ್ಲ, ಅಕ್ಕೋರೇ ಸುಳ್ಳು ಹೇಳಿದ್ರೋ ಎಂತೋ ಅಂತ. ಯಾವತ್ತೂ ಬೈದವನಲ್ಲ, ಆ ದಿನ ನಂಗೆ ಬೈದ. ಮಕ್ಕಳಿಗೆ ಕಲಿಸೂ ಅಕ್ಕೋರು, ಅವ್ರು ಎಂತಕ್ಕೆ ಸುಳ್ಳು ಹೇಳ್ತ್ರು? ನನ್ನ ಕೈಯೇ ಸೋತದ್ದು ಅಂದ."

ಅಷ್ಟು ಹೇಳಿ ಅವಳು ಕೈ ತೊಳೆದುಕೊಂಡು ಬಂದಳು. ನನ್ನ ಮಡಿಲಿನಿಂದ ಚೀಲ ತೆಗೆದುಕೊಂಡು ಎಡಭುಜದ ಪಟ್ಟಿಯ ಬುಡವನ್ನು ಮಗುಚಿ ನೋಡಿದಳು. ಕಾಲಿನಿಂದ ಚೀಲವನ್ನು ಒತ್ತಿ ಹಿಡಿದು, ಎರಡೂ ಕೈಯಿಂದ ಪಟ್ಟಿಯನ್ನು ಬಲವಾಗಿ ಜಗ್ಗಿದಳು. ಅದು ಜಪ್ಪಯ್ಯ ಎನ್ನಲಿಲ್ಲ.

"ಕಾಡಲ್ಲೇ ಬಿಟ್ಟು ಬಂದೆ ಅಂದಿದ್ರಿ" ಎಂದಳು.

ಎಲ್ಲವನ್ನೂ ಹೇಳಿದೆ. ಅರ್ಜಿಯಿಂದ ಹಿಡಿದು ಮೆಟ್ಟಿಲು, ಹೊಳೆ, ವೇದಿಕೆ, ಗೇಟು, ಕಪಾಟು ಎಲ್ಲ. ಅವಳು ಕೇಳುತ್ತಲೇ ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಮುಗಿದ ಮೇಲೆ ಚೀಲವನ್ನು ನನ್ನ ಕೈಗೆ ವಾಪಸು ಕೊಟ್ಟಳು. "ನಂಗೆ ಹೇಳಿ ಎಂತ ಮಾಡೂದು? ಅಪ್ಪನ ಕೈ ಹೋತು ಅಂತ ನಂಬ್ದವ್ರು ಬಂದರದಲ್ಲಿ ಅದಾರೆ. ಅಲ್ಲಿ ಹೋಗಿ ಹೇಳಿ" ಎಂದಳು.

ಶೆಡ್ಡಿನಲ್ಲಿ ಹತ್ತು ಹದಿನೈದು ಜನ ಬಲೆ ಹರಡಿಕೊಂಡು ಕೂತಿದ್ದರು. ಅವರ ನಡುವೆ ಹೋಗಿ ನಿಂತೆ. ಅಜ್ಜನ ಹೊಲಿಗೆ ಬಿಚ್ಚಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಚೀಲವನ್ನು ಅವರ ನಡುವೆ ಇಟ್ಟೆ. ಒಬ್ಬೊಬ್ಬರಾಗಿ ಪಟ್ಟಿಯನ್ನು ಮುಟ್ಟಿ ನೋಡಿ ಪಕ್ಕದವರಿಗೆ ದಾಟಿಸಿದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟಾದರೂ ಹಗುರವಾಗುತ್ತಿತ್ತು. ಕೊನೆಗೆ ವಯಸ್ಸಾದ ಬೋಟಿನವರೊಬ್ಬರು, "ಹೋದ ಮಳೆಗಾಲ ನಾನೇ ನನ್ನ ಬಲೆ ಹೊತ್ಕಂಡೋಗಿ ಅವ್ರ ಮುಂದೆ ಹಾಕಿದ್ದೆ. ನನ್ನ ಗಂಟು ನಂಬಿ ನಿಮ್ಮ ಹುಡುಗ್ರನ್ನ ಕಡಲಿಗೆ ಕಳಿಸ್ಬೇಡಿ ಅಂದ್ರು. ಅಳ್ತಿದ್ರು" ಎಂದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಸೂಜಿ ಎತ್ತಿಕೊಂಡರು.

ಸೋಮವಾರ ಶಾಲೆಯ ವೇದಿಕೆ ಹತ್ತಿ ಮಕ್ಕಳಿಗೂ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗಲಿ ಎಂದು ಬಿಟ್ಟೆ. ಪತ್ರಿಕೆಯವರು ಹಳೆಯ ಸುದ್ದಿ, ಈಗ ಯಾರು ಓದುತ್ತಾರೆ ಎಂದರು. ಹಾಗಾಗಿ ಇಲ್ಲಿ ಬರೆದಿದ್ದೇನೆ. ನನಗೆ ಚೀಲ ಹೊರಲು, ಕಾಲು ಒಣಗಿಸಲು, ಬೇಡದ್ದನ್ನು ಬಿಡಲು ಕಲಿಸಿದವರು ಅವರು. ನಾನು ಅವರ ಕೈಯಿಂದ ಸೂಜಿ ಕಸಿದುಕೊಂಡೆ. ಕೇಳಬೇಕಾದವರೊಬ್ಬರನ್ನು ಬಿಟ್ಟು ಊರಿಗೆಲ್ಲ ಹೇಳಿಯಾಯಿತು.

ಅಜ್ಜಾ, ಹೊಲಿಗೆ ಬಿಚ್ಚಲಿಲ್ಲ. ನಾನು ನೀರಿಗೆ ಹೆದರಿ ಕೂತೆ.